ಮೂರು ಆಂಪ್, ಎರಡು ಕಿವಿ

ಕಳೆದ ವಾರ ಕೊಲ್ಹಾಪುರದ ಒಂದು ಮ್ಯೂಸಿಕ್ ಅಂಗಡಿಯಲ್ಲಿ ನಾನು ಪರೀಕ್ಷೆಗೆ ಕೂತೆ. ಯಾರೂ ಬಲವಂತ ಮಾಡಿರಲಿಲ್ಲ. ನಾನೇ ಜಂಬದಿಂದ ಕೇಳಿ ಪಡೆದ ಪರೀಕ್ಷೆ. ಪರದೆಯ ಆಚೆ ಮೂರು ಗಿಟಾರ್ ಆಂಪ್ಲಿಫೈಯರ್. ಈಚೆ ಸ್ಟೂಲಿನ ಮೇಲೆ ನಾನು. ಅಂಗಡಿಯ ಮಾಲೀಕ ಸಂತೋಷ ಒಂದೇ ಗಿಟಾರಿನಲ್ಲಿ ಒಂದೇ ತುಣುಕನ್ನು ಮೂರರಲ್ಲೂ ಬಾರಿಸಿದ. ಆಮೇಲೆ ಪರದೆ ಸರಿಸಿ ಮುಖ ತೋರಿಸಿದ.

"ಸಾಂಗಾ ಅಜಿತರಾವ್, ಕೋಣತಾ ಕೋಣತಾ?" ಯಾವುದು ಯಾವುದು, ಹೇಳಿ ಅಂತ.

ನನಗೆ ಮೂರೂ ಒಂದೇ.

"ಮೂರೂ ಒಂದ ಅದಾವ" ಅಂದೆ. ಸಂತೋಷ ಗಹಗಹಿಸಿ ನಕ್ಕ. ಜೊತೆಗೆ ಬಂದಿದ್ದ ಗೆಳೆಯ ಬೀರಪ್ಪನೂ ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ನಾನೂ ನಕ್ಕೆ. ಅಂಥ ಹೊತ್ತಿನಲ್ಲಿ ನಗದೆ ಇನ್ನೇನು ಮಾಡಲಿ?

ಗಿಟಾರ್ ಬಗ್ಗೆ ಬರೆದು ಬರೆದು ಈ ಅಂಕಣದಲ್ಲಿ ನಿಮ್ಮ ತಲೆ ತಿಂದವನು ನಾನು. ಆದರೂ ಹೊಸಬರಿಗಾಗಿ ಎರಡು ಮಾತು. ಗಡಹಿಂಗ್ಲಜದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಹೊಟ್ಟೆಪಾಡು ಅದು. ಮದುವೆ ಸೀಸನ್ ಬಂತೆಂದರೆ ನಾನು ಆರ್ಕೆಸ್ಟ್ರಾದ ಗಿಟಾರಿಸ್ಟ್. ವಯಸ್ಸು ಐವತ್ತು ದಾಟಿದೆ. (ಎಷ್ಟು ದಾಟಿದೆ ಅಂತ ಕೇಳಬೇಡಿ.) ನನ್ನ ಬಳಿ ಇದ್ದದ್ದು ಇಂಗ್ಲೆಂಡಿನ ಹಳೇ ವಾಲ್ವ್ ಆಂಪ್. ಅಜ್ಜನ ಕಾಲದ ರೇಡಿಯೋ ನೆನಪಿದೆಯಲ್ಲ? ಸ್ವಿಚ್ ಒತ್ತಿದರೆ ಒಳಗಿನ ಗಾಜಿನ ಬುರುಡೆಗಳು ನಿಧಾನಕ್ಕೆ ಕೆಂಪಗಾಗಿ, ಆಮೇಲೆ ದನಿ ಹೊರಡುತ್ತಿತ್ತು. ಆ ಬುರುಡೆಗಳೇ ವಾಲ್ವ್. ನನ್ನ ಆಂಪ್ ಕೂಡ ಅದೇ ಜಾತಿಯದು. ವಾಲ್ಯೂಮ್ ಏರಿಸಿದಂತೆ ದನಿ ಅಂಚಿನಲ್ಲಿ ಸ್ವಲ್ಪ ಒಡೆಯುತ್ತದೆ. ಆ ಒಡಕಿಗೇ ಗಿಟಾರಿನವರೆಲ್ಲ ಪ್ರಾಣ ಬಿಡುವುದು.

ಹೋದ ಸೀಸನ್‌ನಲ್ಲಿ, ಒಂದು ಅರಿಶಿಣದ ಕಾರ್ಯಕ್ರಮದ ನಡುವೆಯೇ ಅದರಿಂದ ಹೊಗೆ ಬಂತು. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಅದೇ ಹೆಸರಿನ ಹೊಸದನ್ನು ತರೋಣ ಎಂದು ವಿಚಾರಿಸಿದರೆ ಅದಕ್ಕೀಗ ಮೂರು ಅವತಾರ! ಒಂದು, ಹಳೆಯದರಂತೆಯೇ ಕೈಯಿಂದ ತಂತಿ ಬೆಸೆದು ಮಾಡಿದ್ದು. ಕಬ್ಬಿಣದಷ್ಟು ಭಾರ, ಮದುವೆ ಮಂಟಪ ನಡುಗುವಷ್ಟು ಜೋರು. ಜೋರಾಗಿ ಬಾರಿಸಿದರೆ ಮಾತ್ರ ಅದರ ಸವಿ. ಎರಡನೆಯದು ಮಷೀನಿನಲ್ಲಿ ಅಚ್ಚು ಹಾಕಿದ ಬೋರ್ಡಿನದು. ಒಳಗೆ ಅವೇ ವಾಲ್ವ್, ಆದರೆ ಹಿಂದೆ ಒಂದು ಸ್ವಿಚ್ ಇದೆ. ಅದನ್ನು ಇಳಿಸಿದರೆ ಮನೆಯ ಮಾತಿನ ಮಟ್ಟದಲ್ಲೇ ಆ ಒಡಕು ಬರುತ್ತದೆ. ಮೂರನೆಯದರಲ್ಲಿ ವಾಲ್ವೇ ಇಲ್ಲ. ಕಂಪ್ಯೂಟರ್ ಚಿಪ್ಪು ಕೂತು ವಾಲ್ವಿನ ನಾಟಕ ಮಾಡುತ್ತದೆ. ಒಂದೇ ಕೈಯಲ್ಲಿ ಎತ್ತಬಹುದು.

ಬೀರಪ್ಪ ನಮ್ಮ ಡ್ರಮ್ಮರ್. ಸುಳಕೂಡದವನು, ಕುರಿ ಸಾಕುವ ಮನೆತನ. ಬಾಯಿ ದೊಡ್ಡದು, ಸಲಹೆಗಳು ಧಾರಾಳ. ಅಂಗಡಿಗೆ ಕಾಲಿಟ್ಟವನೇ ಮೂರನ್ನೂ ಎತ್ತಿ ಎತ್ತಿ ನೋಡಿ ತೀರ್ಪು ಕೊಟ್ಟಿದ್ದ.

"ಟಗರ ಆರಿಸಿದಂಗ ಆರಸಬೇಕ ದೋಸ್ತ. ಯಾವುದು ವಜ್ಜಿ ಐತಿ, ಅದು ಛಲೋ." ಭಾರ ಇದ್ದದ್ದೇ ಒಳ್ಳೆಯದು ಅಂತ.

ಅಂಥವನೂ ಪರದೆಯ ಪರೀಕ್ಷೆಯಲ್ಲಿ ಥಟ್ಟನೆ ಹೇಳಿದ. "ಮೊದಲಿಂದು ಖಡಕ್. ಎರಡನೇದು ಸ್ವಲ್ಪ ಮೆತ್ತಗ. ಮೂರನೇದು ಟೇಪ್‌ರೆಕಾರ್ಡರ್ ಹಾಡಿದಂಗ. ಅಷ್ಟೂ ಕೇಳಸವಲ್ದೇನ ನಿನಗ?"

ಶೀತ ಆಗಿದೆ ಅಂದೆ. (ಆಗಿರಲಿಲ್ಲ.) ಹೊರಗೆ ಗಾಡಿಗಳ ಗಲಾಟೆ ಅಂದೆ. ಮೊದಲನೆಯದನ್ನು ಇನ್ನೊಮ್ಮೆ ಬಾರಿಸು, ಸ್ವಲ್ಪ ಜೋರು ಮಾಡು ಅಂದೆ. ಇನ್ನೂ ಸ್ವಲ್ಪ. ಇನ್ನೂ. ಆಗ ಬಂತು ನೋಡಿ ಆ ದನಿ! ಮೈ ಜುಂ ಎಂದಿತು. ಕಳೆದುಹೋದವರು ಮನೆಗೆ ಬಂದಷ್ಟು ಖುಷಿಯಾಯಿತು. "ಇದ ನೋಡ್ರಿ!" ಎನ್ನುತ್ತ ತಿರುಗಿದೆ.

ಸಂತೋಷ ಮತ್ತು ಬೀರಪ್ಪ ಇಬ್ಬರೂ ಕಿವಿಯಲ್ಲಿ ಬೆರಳಿಟ್ಟುಕೊಂಡು ನಿಂತಿದ್ದರು.

ವಿಚಾರ ಮಾಡಿ ಹೇಳ್ತೇನಿ ಎಂದು ಅಂಗಡಿಯಿಂದ ಹೊರಬಿದ್ದೆ. ವ್ಯಾನಿನಲ್ಲಿ ಬೀರಪ್ಪ ಏನೇನೋ ಮಾತಾಡುತ್ತಿದ್ದ. ನಾನು ರಸ್ತೆ ನೋಡುತ್ತಿದ್ದೆ. ಕಿವಿ ನನ್ನ ಹೆಮ್ಮೆ ಸ್ವಾಮಿ. ಮಷೀನಿನ ಹಂಗಿಲ್ಲದೆ ಗಿಟಾರ್ ಶ್ರುತಿ ಮಾಡುವವನು ನಾನು. ಆರ್ಕೆಸ್ಟ್ರಾದ ಹುಡುಗರೆಲ್ಲ ತಮ್ಮ ವಾದ್ಯ ತಂದು ನನ್ನ ಮುಂದೆ ಹಿಡಿಯುತ್ತಾರೆ. ಅಂಥವನಿಗೆ ಮೂರು ಆಂಪ್ ಒಂದೇ ಕೇಳಿಸುವುದೆಂದರೆ? ಇಲ್ಲ, ಶೀತವೇ ಇರಬೇಕು. ಒಂದೆರಡು ಸಲ ಬೇಕೆಂದೇ ಮೂಗೆಳೆದೆ.

ಇಚಲಕರಂಜಿಯಲ್ಲಿ ಅಕ್ಕನ ಮನೆಗೆ ಹೋಗಿ ಊರ ಕಡೆ ಹೊರಳುವುದೆಂದು ಮೊದಲೇ ಮಾತಾಗಿತ್ತು. ದಾರಿಯಲ್ಲಿ ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿ. ಬೀರಪ್ಪ ಮಗಳಿಗೆ ಕಾಲ್ಗೆಜ್ಜೆ ಮಾಡಲು ಹೇಳಿದ್ದ. ಗಾಡಿ ನಿಲ್ಲಿಸಿ ಒಂದು ಮನೆಯ ಪಡಸಾಲೆ ಹೊಕ್ಕೆವು. ಗೆಜ್ಜೆ ಮಾಡಿದಾತ ಅದನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದ. ಬೀರಪ್ಪನ ಮುಖ ಅರಳಿತು.

"ಏನ್ ನಾದ ಐತಿ ನೋಡ ಲೇ!" ಎಂದು ಇಸಿದುಕೊಂಡು ನನ್ನ ಕಿವಿಯ ಪಕ್ಕವೇ ಆಡಿಸಿದ.

ನೋಡಿದೆ. ಪುಟ್ಟ ಪುಟ್ಟ ಬೆಳ್ಳಿಯ ಕಾಳುಗಳು ಕುಣಿಯುತ್ತಿದ್ದವು. ಚೆನ್ನಾಗಿ ಕುಣಿಯುತ್ತಿದ್ದವು. ದನಿ ಇರಲಿಲ್ಲ.

ಹೊರಗೆ ಗಾಡಿ ಹೋಗುವುದು ಕೇಳುತ್ತಿದೆ. ಒಳಗೆ ಯಾರೋ ಸುತ್ತಿಗೆಯಿಂದ ಬಡಿಯುವುದು ಕೇಳುತ್ತಿದೆ. ಬೀರಪ್ಪನ ಮಾತು ಕೇಳುತ್ತಿದೆ. ಕಿವಿಯ ಪಕ್ಕದ ಗೆಜ್ಜೆ ಮಾತ್ರ ಇಲ್ಲ. "ಭಾಳ ಛಲೋ ಐತಿ" ಅಂದೆ. ನನ್ನ ಹೆಂಡತಿ ಸುನಂದಾಳ ಕಾಲಲ್ಲೂ ಹುಪರಿಯದೇ ಗೆಜ್ಜೆ. ಇಷ್ಟು ವರ್ಷ ದಿನವೂ ಹಾಕಿಕೊಂಡು ಓಡಾಡಿದ್ದಾಳೆ. ಅದರ ದನಿಯನ್ನು ನಾನು ಕೊನೆಯದಾಗಿ ಕೇಳಿದ್ದು ಯಾವಾಗ? ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಗಂಡಂದಿರು ಹೆಂಡತಿಯ ಮಾತು ಕೇಳುವುದೇ ಇಲ್ಲ ಎಂಬ ಜೋಕನ್ನು ಈ ಅಂಕಣದಲ್ಲೇ ಎಷ್ಟು ಸಲ ಬರೆದಿದ್ದೇನೋ. ನೀವೂ ನಕ್ಕಿದ್ದೀರಿ. "ಗ್ವಾಡಿಗೆ ಹೇಳಿದಂಗಾತು ನಿಮಗ ಹೇಳೂದು" ಎಂದು ಅವಳು ರೇಗುವುದನ್ನೂ ಬರೆದಿದ್ದೆ. ಅದನ್ನು ಓದಿ ಅವಳೂ ನಕ್ಕಿದ್ದಳು.

ವ್ಯಾನು ಹತ್ತಿದ ಮೇಲೆ ಅಪ್ಪ ನೆನಪಾದರು. ಇಚಲಕರಂಜಿಯಲ್ಲಿ ನಮ್ಮದು ಪವರ್‌ಲೂಮಿನ ಮನೆ. ಗೋಡೆಯ ಈ ಕಡೆ ನಾವು, ಆ ಕಡೆ ಮಗ್ಗಗಳು. ಆ ಖಟಖಟದಲ್ಲೇ ಅಪ್ಪನ ಆಯುಷ್ಯ ಹೋಯಿತು, ಕಿವಿಯೂ ಹೋಯಿತು. ಕೊನೆಕೊನೆಗೆ ಅವರು ಯಾರು ಏನು ಹೇಳಿದರೂ ನಗುತ್ತಿದ್ದರು, ತಲೆಯಾಡಿಸುತ್ತಿದ್ದರು. ಒಮ್ಮೆ ನೆಂಟರೊಬ್ಬರು ಬಂದು ತಮ್ಮ ಮಗ ತೀರಿಕೊಂಡದ್ದನ್ನು ಹೇಳಿದರು. ಅಪ್ಪ ಅದಕ್ಕೂ ನಕ್ಕು ತಲೆಯಾಡಿಸಿದರು. ಆ ಮನುಷ್ಯನ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಸಂತೋಷನ ಅಂಗಡಿಯಲ್ಲಿ ನಾನು ನಕ್ಕಿದ್ದೆನಲ್ಲ, ಅದೂ ಅದೇ ನಗೆಯೇ?

ಕಾರಖಾನೆಯನ್ನು ಈಗ ನೋಡಿಕೊಳ್ಳುವವಳು ನನ್ನ ಅಕ್ಕ ಪದ್ಮಕ್ಕ. ನಾವು ಹೋದಾಗ ಶೆಡ್ಡಿನ ಒಳಗೇ ಇದ್ದಳು. ಎಲ್ಲ ಮಗ್ಗಗಳೂ ಓಡುತ್ತಿದ್ದವು. ಆ ಸದ್ದಿಗೆ ಹೆದರಿ ಬೀರಪ್ಪ ಬಾಗಿಲಲ್ಲೇ ನಿಂತ. ನಾನು ಅಕ್ಕನ ಮುಂದೆ ನಿಂತು, ತಡೆಯಲಾರದೆ ಎಲ್ಲ ಹೇಳಿಕೊಂಡೆ. ಆಂಪು, ಗೆಜ್ಜೆ, ಅಪ್ಪ. ಕಣ್ಣಲ್ಲಿ ನೀರು ಬಂದಿತ್ತು ಅಂತ ಕಾಣುತ್ತದೆ. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಹುಚ್ಚಪ್ಪ, ಅಷ್ಟಕ್ಕ ಅಳತಾರೇನ? ಈಗ ನಾನ ನಿನ್ನ ಕಿವಿ ಪರೀಕ್ಷಾ ಮಾಡತೇನಿ, ನೋಡ" ಎಂದಳು. "ನಾ ಸಣ್ಣ ದನಿಲೆ ಹೇಳತೇನಿ. ನೀ ತಿರುಗಿ ಹೇಳ."

ಪರೀಕ್ಷೆ ಶುರು. ಅಕ್ಕ ಸಣ್ಣ ದನಿಯಲ್ಲಿ ನೆಂಟರ ಹೆಸರು ಹೇಳಿದಳು. ತಿರುಗಿ ಹೇಳಿದೆ. ಊರುಗಳ ಹೆಸರು ಹೇಳಿದಳು. ಹೇಳಿದೆ. ನಾಲ್ಕು ಮಗ್ಗ ದೂರ ಹೋಗಿ ನಿಂತು, ಸುನಂದಾ ಹಬ್ಬಕ್ಕೆ ಮಾಡುವ ಸಿಹಿ ಯಾವುದು ಅಂತ ಕೇಳಿದಳು. ಅದಕ್ಕೂ ಉತ್ತರ ಕೊಟ್ಟೆ. ಒಂದೂ ತಪ್ಪಲಿಲ್ಲ! ಅಕ್ಕ ಹತ್ತಿರ ಬಂದು ಬೆನ್ನಿಗೊಂದು ಗುದ್ದಿದಳು.

"ಇಷ್ಟ ಮಗ್ಗದ ಸಪ್ಪಳದಾಗ ಕೇಳಸತೈತಿ ಅಂದ್ರ ನಿನ್ನ ಕಿವಿಗೆ ಏನ್ ಆಗೇತಿ, ಧಾಡಿ? ಹೋಗ, ಆ ಡಬ್ಬಾನ ಕೆಟ್ಟಿರಬೇಕ."

ಎದೆಯ ಮೇಲಿನ ಕಲ್ಲು ಇಳಿಯಿತು. ಹೌದಲ್ಲ! ಬೀರಪ್ಪನಂಥ ಬೀರಪ್ಪನೇ ಬಾಗಿಲು ದಾಟಲು ಹೆದರುವ ಸದ್ದಿನಲ್ಲಿ ನಾನು ಪಿಸುಮಾತು ಕೇಳಿಸಿಕೊಂಡೆ. ಇನ್ನೆಂಥ ಕಿವುಡು? ಮನಸ್ಸಿನಲ್ಲೇ ಮೊದಲ ಆಂಪಿಗೆ ಆರ್ಡರ್ ಕೊಟ್ಟೂ ಬಿಟ್ಟೆ. ಆ ಭಾರದ್ದೇ ಇರಲಿ, ಜೋರಿನದೇ ಇರಲಿ.

ಆಗ ಕರೆಂಟು ಹೋಯಿತು.

ಮಗ್ಗಗಳು ಒಂದೊಂದಾಗಿ ನಿಂತವು. ತಗಡಿನ ಶೆಡ್ಡು, ಕಿಟಕಿಗಳಿಗೆಲ್ಲ ಹತ್ತಿಯ ಧೂಳು ಮೆತ್ತಿ ಹಗಲಲ್ಲೂ ಒಳಗೆ ಕತ್ತಲೆ. ಸುತ್ತ ಮೌನ. "ಅಕ್ಕಾ" ಎಂದು ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಎಲ್ಲೋ ಗುಂಯ್ ಎಂದಂತಾಯಿತು, ಅಷ್ಟೆ. ಅಕ್ಕ ಎಲ್ಲಿ ಹೋದಳು? ಎಡವಿ ಬಿದ್ದಳೇ? ಕತ್ತಲಲ್ಲಿ ಕೈಚಾಚಿ ತಡಕಾಡಿದೆ. ಗಂಟಲು ಹರಿಯುವಂತೆ ಕೂಗಿದೆ.

ಬೀರಪ್ಪ ಮೊಬೈಲಿನ ಬೆಳಕು ಹಿಡಿದು ಓಡಿ ಬಂದ. ಬೆಳಕು ಬಿದ್ದಾಗ ನೋಡುತ್ತೇನೆ, ಅಕ್ಕ ನನ್ನಿಂದ ಮಾರು ದೂರದಲ್ಲಿ ನಿಂತಿದ್ದಾಳೆ. ನನ್ನ ಕಡೆಗೇ ನೋಡುತ್ತಿದ್ದಾಳೆ. ಅವಳ ತುಟಿ ಅಲುಗುತ್ತಿದೆ. ಬೆಳಕು ಬಿದ್ದ ಕೂಡಲೇ ಅವಳ ಮಾತು ನನಗೆ ಕೇಳಿಸಿತು.

"ಬ್ಯಾಟರಿ ತಾ ಅಂತ ಆಗಿಂದ ಹಿಡದ ಒದರಾಕತ್ತೇನಿ. ಎಲ್ಲಿ ಹೋಗಿದ್ದಿ ತಮ್ಮಾ?"

"ನಾ ಇಲ್ಲೇ ಅದೇನಿ. ನಾನೂ ನಿನ್ನ ಕರ್ಯಾಕತ್ತೇನಿ" ಅಂದೆ.

ಬೀರಪ್ಪ ಬೆಳಕನ್ನು ಒಮ್ಮೆ ನನ್ನ ಮುಖಕ್ಕೆ, ಒಮ್ಮೆ ಅಕ್ಕನ ಮುಖಕ್ಕೆ ಹಿಡಿದ. ಆಮೇಲೆ ಅದನ್ನು ತನ್ನ ಮುಖಕ್ಕೇ ಹಿಡಿದುಕೊಂಡು ಮೆಲ್ಲಗೆ ಹೇಳಿದ. "ಅಕ್ಕಾರ, ಇಬ್ರೂ ಒಬ್ಬರನ್ನೊಬ್ರು ಕರ್ಯಾಕತ್ತಿದ್ರಿ. ನಾ ಬಾಗಲದಾಗ ನಿಂತ ಕೇಳಾಕತ್ತಿದ್ನಿ. ಇಬ್ರಿಗೂ ಕೇಳಸಲಿಲ್ಲ."

ನೀವು ಕೇಳಬಹುದು, ಮಗ್ಗದ ಸದ್ದಿನಲ್ಲಿ ಕಿವಿ ಪರೀಕ್ಷೆ ಮಾಡುವ ಬುದ್ಧಿವಂತರು ಯಾರಾದರೂ ಇದ್ದಾರೆಯೇ ಅಂತ. ಇದ್ದೇವೆ. ಲೂಮಿನ ಮನೆಯ ಮಕ್ಕಳು ಮಾತು ಕಲಿಯುವುದೇ ಹಾಗೆ. ಅಪ್ಪ ಕರೆದರೆ, ಅವ್ವ ಬೈದರೆ ನಾವು ತುಟಿ ನೋಡುತ್ತಿದ್ದೆವು, ಕೈ ನೋಡುತ್ತಿದ್ದೆವು. ಓದುತ್ತಿದ್ದೇವೆ ಎಂಬ ಅರಿವೇ ನಮಗಿಲ್ಲ. ಕೇಳುವುದು ಎಂದರೆ ನಮಗೆ ಅದೇ. ಅಕ್ಕ ಪರೀಕ್ಷೆ ಮಾಡಿದ್ದು ನನ್ನ ಕಣ್ಣನ್ನು. ಕಣ್ಣು ಪಾಸಾಗಿತ್ತು.

ಗಡಹಿಂಗ್ಲಜದ ಕಡೆ ಹೊರಟಾಗ ಬೀರಪ್ಪ ತನ್ನ ಸೀಟಿನಲ್ಲಿ ನನ್ನ ಕಡೆ ತಿರುಗಿ ಕೂತ. ಮುಖ ಕಾಣುವ ಹಾಗೆ.

"ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ" ಅಂದ. "ಸ್ಟೇಜಿನ ಮ್ಯಾಲೆ ನಾ ಹಿಂದ ಕುಂತ ನಿನ್ನ ಕರೀತಿದ್ನಿ. ನಿಧಾನ ಅಂತಿದ್ನಿ, ಸಣ್ಣ ಮಾಡ ಅಂತಿದ್ನಿ. ನೀ ತಿರುಗಿ ಸೈತ ನೋಡ್ತಿರಲಿಲ್ಲ. ಇವಂಗ ಭಾಳ ಸೊಕ್ಕ ಬಂದೈತಿ ಅಂದ್ಕೊಂಡಿದ್ನಿ. ಊರಾಗೆಲ್ಲಾ ಹಂಗ ಹೇಳಕೋತ ಅಡ್ಡಾಡೇನಿ."

"ಮತ್ತ ಆರ್ಕೆಸ್ಟ್ರಾ ಯಾಕ ಬಿಡಲಿಲ್ಲ?" ಎಂದು ಕೇಳಿದೆ.

"ಗಿಟಾರ್ ಛಲೋ ಬಾರಸ್ತಿ, ಏನ್ ಮಾಡ್ಲಿ?" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ. ಆಮೇಲೂ ಏನೋ ಹೇಳಿದ. ಮುಖ ಆ ಕಡೆ ಇತ್ತು. ಏನು ಹೇಳಿದನೋ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಕೊಲ್ಹಾಪುರಕ್ಕೆ ಹೋದೆ. ಈ ಸಲ ಕಿವಿಯ ಡಾಕ್ಟರ ಬಳಿ. ಅಕ್ಕನನ್ನೂ ಕರೆದೆ, ಒಲ್ಲೆ ಅಂದಳು. "ನನಗೇನ ಆಗೇತಿ? ಕಾರಖಾನ್ಯಾಗ ಎಲ್ಲಾ ಛಲೋ ಕೇಳಸತೈತಿ."

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸದ್ದೇ ಇಲ್ಲದ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಮೊದಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಮಷೀನು ಕೆಟ್ಟಿದೆಯೇನೋ ಎಂದು ಗಾಜಿನಾಚೆ ನೋಡಿದರೆ, ಅವರ ಕೈ ಒಂದೇ ಸಮನೆ ಬಟನ್ ಒತ್ತುತ್ತಿತ್ತು. ಆ ಕೋಣೆಯಲ್ಲಿ ಆದ ಭಯವನ್ನು ಹೇಗೆ ಹೇಳಲಿ? ಅಳು ಬರಲಿಲ್ಲ. ಎದ್ದು ಓಡಬೇಕು ಅನ್ನಿಸಿತು.

ಕೊನೆಗೆ ಅವರು ಎದುರಿಗೆ ಬಂದು, ಬಾಯಿಗೆ ಅಡ್ಡ ಕಾಗದ ಹಿಡಿದು ಏನೋ ಹೇಳಿದರು. ನನಗೆ ಬರೀ ಗುಂಯ್. ಕಾಗದ ತೆಗೆದು ಅದನ್ನೇ ಹೇಳಿದರು. ಸ್ಪಷ್ಟ ಕೇಳಿಸಿತು. ಆಮೇಲೆ ಮರಾಠಿಯಲ್ಲಿ ಸಮಾಧಾನವಾಗಿ ವಿವರಿಸಿದರು. ಕೆಳಗಿನ ದಪ್ಪ ಸದ್ದುಗಳು ಚೆನ್ನಾಗಿಯೇ ಇವೆ, ಅದಕ್ಕೇ ಗಿಟಾರಿನ ಶ್ರುತಿ ಕೂಡುತ್ತದೆ. ಮೇಲಿನ ಸಣ್ಣ ಸದ್ದುಗಳು ಹೋಗಿವೆ. ಗೆಜ್ಜೆ, ಹಕ್ಕಿ, ಸ-ಶ-ತ ಅಕ್ಷರಗಳು, ಹೆಣ್ಣುಮಕ್ಕಳ ಮಾತಿನ ಅಂಚು. ಒಂದು ಆಂಪಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದೂ ಅಲ್ಲೇ. ಹೋದದ್ದು ತಿರುಗಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಕಿವಿಗೆ ಮಷೀನು ಹಾಕಬೇಕು. ಜೋರು ಸದ್ದಿನ ಹತ್ತಿರ ಸುಳಿಯಬಾರದು.

ಅಲ್ಲಿಂದ ನೇರ ಸಂತೋಷನ ಅಂಗಡಿಗೆ ಹೋದೆ. ಮೂರೂ ಆಂಪ್ ಸಾಲಾಗಿ ಕೂತಿದ್ದವು. ಗಿಟಾರಿನವರು ಇಂಟರ್ನೆಟ್ಟಿನಲ್ಲಿ ಈ ಮೂರರ ಬಗ್ಗೆ ದಿನಗಟ್ಟಲೆ ಜಗಳವಾಡುತ್ತಾರೆ. ಕೈಬೆಸುಗೆಯೇ ಅಸಲಿ, ಬೋರ್ಡಿನದು ನಕಲಿ, ಚಿಪ್ಪಿನದು ಮೋಸ ಅಂತ. ಹೋದ ವಾರದವರೆಗೆ ನಾನೂ ಆ ಜಗಳದಲ್ಲಿ ಇದ್ದೆ. ಈಗ ನನ್ನ ಲೆಕ್ಕವೇ ಬೇರೆ. ನನಗೆ ಕೇಳಿಸುವ ಆಂಪು ನನ್ನ ಉಳಿದ ಕಿವಿಯನ್ನು ತಿನ್ನುತ್ತದೆ. ಕಿವಿಯನ್ನು ಉಳಿಸುವ ಆಂಪಿನ ಸವಿ ನನಗೆ ಕೇಳಿಸುವುದಿಲ್ಲ. ನೀವಾದರೆ ಯಾವುದನ್ನು ಒಯ್ಯುತ್ತಿದ್ದಿರಿ?

ಎರಡನೆಯದನ್ನು ತಂದೆ. ಸ್ವಿಚ್ಚನ್ನು ಕೆಳಗಿಳಿಸಿ, ಮೇಲೇರದ ಹಾಗೆ ಅದರ ಮೇಲೆ ಟೇಪು ಅಂಟಿಸಿದ್ದು ಬೀರಪ್ಪ. ಆ ಒಡಕಿನ ಸವಿ ಈಗ ಅವನಿಗೆ ಕೇಳುತ್ತದೆ, ನನಗಲ್ಲ. ಪ್ರಾಕ್ಟೀಸಿಗೆ ಬಂದವನು ಡ್ರಮ್ಮುಗಳನ್ನು ಹಿಂದೆ ಹಾಕಲಿಲ್ಲ. ಎಳೆದು ತಂದು ನನ್ನ ಎದುರಿಗೆ, ಸ್ವಲ್ಪ ದೂರದಲ್ಲಿ ಹಾಕಿಕೊಂಡ. "ಇನ್ನ ಮ್ಯಾಲೆ ನನ್ನ ಮಾರಿ ನೋಡಕೋತ ಬಾರಸ" ಅಂದ. ಬಾರಿಸಿದೆ. ದನಿ ಹೆಂಗ ಐತಿ ಅಂತ ಕೇಳಿದೆ. ಕಣ್ಣು ಮುಚ್ಚಿ ತಲೆದೂಗಿದ. ನಂಬಿದೆ. ನಂಬದೆ ಬೇರೆ ದಾರಿ ಇದೆಯೇ?

ಕಿವಿಯ ಮಷೀನು ಇನ್ನೂ ಬಂದಿಲ್ಲ. ಅದನ್ನು ಹಾಕಿಕೊಂಡ ಮೇಲೂ ಗೆಜ್ಜೆ ಕೇಳದಿದ್ದರೆ ಏನು ಮಾಡಲಿ ಎಂಬ ಹೆದರಿಕೆ ಬೆಳಗಾದರೆ ನನಗಿಂತ ಮೊದಲು ಎದ್ದು ಕೂತಿರುತ್ತದೆ. ಸುನಂದಾಗೆ ಇನ್ನೂ ಪೂರ್ತಿ ಹೇಳಿಲ್ಲ. ಹೇಳುವ ಮಾತು ಸಿಗದೆ, ಅದನ್ನೇ ಇಲ್ಲಿ ಬರೆಯುತ್ತ ಕೂತಿದ್ದೇನೆ. ನನ್ನ ಮೇಜು ಗೋಡೆಯ ಕಡೆಗಿದೆ, ಬೆನ್ನು ಅಡುಗೆಮನೆಯ ಕಡೆಗೆ. ಇಷ್ಟು ಬರೆದು ತಲೆಯೆತ್ತಿದರೆ ಪಕ್ಕದಲ್ಲಿ ಚಹಾದ ಕಪ್ಪು ಕೂತಿದೆ. ತಣ್ಣಗಾಗಿ ಕೆನೆ ಕಟ್ಟಿದೆ.

ತಂದಿಟ್ಟಾಗ ಅವಳು ಏನೆಂದಳು?